ಡಗ್ಲಾಸ್ ಗೆದ್ದದ್ದು ಅದೃಷ್ಟದಿಂದಲೇ?

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಇತಿಹಾಸದ ಮೇಷ್ಟ್ರಾದ ನಾನು ಊರಿನ ಕೆರೆ, ವೀರಗಲ್ಲುಗಳ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ನನಗೆ ನೆನಪಾದದ್ದು ಬೇರೆಯೇ. 1990ರ ನವೆಂಬರ್‌ನಲ್ಲಿ ಇದೇ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ವಿಷಯ, ‘ಟೈಸನ್ ವಿರುದ್ಧ ಡಗ್ಲಾಸನ ಗೆಲುವು ಸಾಮರ್ಥ್ಯದ್ದಲ್ಲ, ಅದೃಷ್ಟದ್ದು’. ನಾನು ಪರವಾಗಿ ಮಾತನಾಡಿದ್ದೆ. ಬಹುಮಾನದ ಸ್ಟೀಲ್ ಲೋಟ ಇವತ್ತಿಗೂ ಮನೆಯಲ್ಲಿದೆ. ಆದರೆ ಆವತ್ತು ನಾನು ವಾದಿಸಿದ್ದು ತಪ್ಪು.

ಹಳ್ಳಿ ಶಾಲೆಯಲ್ಲಿ ಬಾಕ್ಸಿಂಗ್ ಮೇಲೆ ಚರ್ಚೆ ಏಕೆಂದು ಈಗಿನ ಮಕ್ಕಳು ಕೇಳಬಹುದು. ಅದಕ್ಕೆ ಕಾರಣ ಅಂದಿನ ನಮ್ಮ ಪಿ.ಟಿ. ಮೇಷ್ಟ್ರು. ಅವರು ಮಿಲಿಟರಿಯಲ್ಲಿದ್ದು ಬಂದವರು, ಅಲ್ಲಿ ಗ್ಲೌಸ್ ಹಾಕಿ ಗುದ್ದಾಡಿದವರು. ಆ ವರ್ಷದ ಫೆಬ್ರವರಿ 12ರ ಸೋಮವಾರ ಪತ್ರಿಕೆಯ ಮುಖಪುಟದಲ್ಲಿ ನೆಲ್ಸನ್ ಮಂಡೇಲಾ ಜೈಲಿನಿಂದ ಬಿಡುಗಡೆಯಾದ ಸುದ್ದಿಯಿತ್ತು. ಸಮಾಜ ವಿಜ್ಞಾನದ ಮೇಷ್ಟ್ರು ಅದನ್ನು ಪ್ರಾರ್ಥನೆಯ ಹೊತ್ತಿಗೆ ಓದಿಸಿದರು. ಪಿ.ಟಿ. ಮೇಷ್ಟ್ರು ಮಾತ್ರ ಒಳಪುಟದ ಒಂದು ತುಂಡನ್ನು ಕತ್ತರಿಸಿ ನೋಟೀಸ್ ಬೋರ್ಡಿಗೆ ಅಂಟಿಸಿದರು. ಮೈಕ್ ಟೈಸನ್ ಸೋತಿದ್ದ.

ಟೈಸನ್ ಸೋಲುವುದೆಂದರೆ ಏನೆಂದು ಇಂದು ವಿವರಿಸಿ ಹೇಳಬೇಕಾಗುತ್ತದೆ. 1986ರಲ್ಲಿ, ಇಪ್ಪತ್ತನೇ ವಯಸ್ಸಿಗೇ ಹೆವಿವೇಟ್ ಚಾಂಪಿಯನ್ ಆದವನು. 37 ಪಂದ್ಯ, ಸೋಲು ಒಂದೂ ಇಲ್ಲ, 33 ನಾಕೌಟ್. 1988ರಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು ಮಲಗಿಸಲು ಅವನಿಗೆ 91 ಸೆಕೆಂಡ್ ಸಾಕಾಗಿತ್ತು. ಎದುರಾಳಿ ಜೇಮ್ಸ್ ‘ಬಸ್ಟರ್’ ಡಗ್ಲಾಸ್ ಒಹಾಯೊದ ಕೊಲಂಬಸ್ ನಗರದವನು. ಅಪ್ಪನೂ ಬಾಕ್ಸರ್. ಮಗ ಆಗಲೇ ನಾಲ್ಕು ಸಲ ಸೋತಿದ್ದ. 1987ರಲ್ಲಿ ಟೋನಿ ಟಕರ್ ಎದುರು ಚೆನ್ನಾಗಿ ಆಡುತ್ತಲೇ ಬಂದು ಹತ್ತನೇ ಸುತ್ತಿನಲ್ಲಿ ಕೈಚೆಲ್ಲಿದವನೆಂಬ ಅಪವಾದ ಬೇರೆ. ಲಾಸ್ ವೇಗಸ್‌ನ ಬಹುಪಾಲು ಕಡೆ ಈ ಪಂದ್ಯಕ್ಕೆ ಬಾಜಿಯನ್ನೇ ಕಟ್ಟಿಸಿಕೊಳ್ಳಲಿಲ್ಲ. ಕಟ್ಟಿಸಿಕೊಂಡ ಕಡೆ ಡಗ್ಲಾಸ್ ಗೆದ್ದರೆ ಒಂದು ಡಾಲರಿಗೆ 42 ಡಾಲರ್. ಟೈಸನ್ ಮುಂದೆ ಇವಾಂಡರ್ ಹೋಲಿಫೀಲ್ಡ್ ಜೊತೆ ಆಡಬೇಕಿದ್ದ ದೊಡ್ಡ ಪಂದ್ಯಕ್ಕೆ ಟೋಕಿಯೋದ ಈ ಪಂದ್ಯ ಒಂದು ಕಸರತ್ತು ಎಂದೇ ಎಲ್ಲರೂ ತಿಳಿದಿದ್ದರು.

ಚರ್ಚೆಯಲ್ಲಿ ನನ್ನ ಮೊದಲ ಅಸ್ತ್ರ ಎಂಟನೇ ಸುತ್ತು. ಆ ಸುತ್ತಿನ ಕೊನೆಯಲ್ಲಿ ಟೈಸನ್ ಕೆಳಗಿನಿಂದ ಮೇಲಕ್ಕೆ ಬೀಸಿದ ಗುದ್ದಿಗೆ ಡಗ್ಲಾಸ್ ಬಿದ್ದ. ರೆಫರಿ ಆಕ್ಟೇವಿಯೊ ಮೆಯ್ರಾನ್ ಒಂಬತ್ತು ಎಣಿಸುವಷ್ಟರಲ್ಲಿ ಎದ್ದ. ಗಡಿಯಾರದ ಲೆಕ್ಕದಲ್ಲಿ ಹತ್ತು ಸೆಕೆಂಡ್ ದಾಟಿತ್ತು. ಟೈಸನ್ ಕಡೆಯ ಪ್ರವರ್ತಕ ಡಾನ್ ಕಿಂಗ್ ಇದನ್ನೇ ಹಿಡಿದು ಗದ್ದಲವೆಬ್ಬಿಸಿದ. ಎರಡು ಬಾಕ್ಸಿಂಗ್ ಸಂಸ್ಥೆಗಳು ಡಗ್ಲಾಸನಿಗೆ ಕೂಡಲೇ ಮನ್ನಣೆ ಕೊಡದೆ ತಡೆಹಿಡಿದವು. ಜನರ ಸಿಟ್ಟು ನೋಡಿ ಕೆಲವೇ ದಿನಗಳಲ್ಲಿ ಒಪ್ಪಿಕೊಂಡವು. ನನ್ನ ಎರಡನೇ ಅಸ್ತ್ರ, ಟೈಸನ್ ಸರಿಯಾಗಿ ತಯಾರಾಗಿರಲಿಲ್ಲ ಎಂಬುದು. ಮೂರನೆಯದು ಇನ್ನೂ ಬಿಸಿಯಾಗಿತ್ತು. ಅಕ್ಟೋಬರ್ 25ರಂದಷ್ಟೇ ಡಗ್ಲಾಸ್ ಹೋಲಿಫೀಲ್ಡ್‌ಗೆ ಮೂರನೇ ಸುತ್ತಿನಲ್ಲಿ ಸೋತಿದ್ದ, ಅದೂ ಮೈ ಬೆಳೆಸಿಕೊಂಡು ಹೋಗಿ. “ನಿಜವಾದ ಚಾಂಪಿಯನ್ ಎಂಟು ತಿಂಗಳಿಗೇ ಹೀಗೆ ಬೀಳುತ್ತಾನೆಯೇ?” ಎಂದು ನಾನು ಕೈ ಎತ್ತಿ ಕೇಳಿದಾಗ ಚಪ್ಪಾಳೆ ಬಿತ್ತು.

ಬಹುಮಾನ ಕೊಟ್ಟ ಮೇಲೆ ಪಿ.ಟಿ. ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು, “ಚೆನ್ನಾಗಿ ಮಾತಾಡಿದೆ ಕಣಪ್ಪಾ. ಆದ್ರೆ ಒಂಬತ್ತನೇ ಸುತ್ತಿನ ಬಗ್ಗೆ ಒಂದು ಮಾತೂ ಆಡ್ಲಿಲ್ವಲ್ಲ?” ಅಂದರು. ಪೇಪರಲ್ಲಿ ಅದು ಬಂದಿರಲಿಲ್ಲ ಸಾರ್ ಎಂದೆ. ಅವರು ನಕ್ಕು ಸುಮ್ಮನಾದರು.

ಮುಂದೆ ನಾನು ಇತಿಹಾಸ ಓದಿದೆ, ಮೇಷ್ಟ್ರಾದೆ. ಹಳೆಯ ವಾದದ ಒಂದೊಂದೇ ಗೂಟ ಸಡಿಲವಾಯಿತು. ಬಾಕ್ಸಿಂಗ್‌ನಲ್ಲಿ ಬಿದ್ದವನು ಕೇಳಬೇಕಾದದ್ದು ರೆಫರಿಯ ಎಣಿಕೆಯನ್ನು, ಗಡಿಯಾರವನ್ನಲ್ಲ. 1927ರಲ್ಲಿ ಶಿಕಾಗೋದಲ್ಲಿ ಜೀನ್ ಟನಿ ಬಿದ್ದಾಗಲೂ ಎಣಿಕೆ ತಡವಾಗಿ ಶುರುವಾಗಿತ್ತು, ಏಕೆಂದರೆ ಬೀಳಿಸಿದ ಜ್ಯಾಕ್ ಡೆಂಪ್ಸಿ ತನ್ನ ಮೂಲೆ ಬಿಟ್ಟು ಬೇರೆ ಮೂಲೆಗೆ ಹೋಗಲು ತಡಮಾಡಿದ್ದ. ಟನಿ ಎದ್ದು ಆ ಪಂದ್ಯ ಗೆದ್ದ. ಅವನನ್ನು ಯಾರೂ ಅದೃಷ್ಟವಂತನೆಂದು ಕರೆದು ಸುಮ್ಮನಾಗಲಿಲ್ಲ. ಟೈಸನ್ ತಯಾರಿಲ್ಲದೆ ಬಂದದ್ದು ನಿಜ. ಅಭ್ಯಾಸದಲ್ಲೇ ಗ್ರೆಗ್ ಪೇಜ್ ಅವನನ್ನು ಕೆಡವಿದ್ದ. ಪಂದ್ಯದ ನಡುವೆ ಕಣ್ಣು ಊದಿಕೊಂಡಾಗ ಅವನ ಸಹಾಯಕರ ಬಳಿ ಸರಿಯಾದ ಸಲಕರಣೆಯೂ ಇಲ್ಲದೆ, ರಬ್ಬರ್ ಗ್ಲೌಸಿನಲ್ಲಿ ತಣ್ಣೀರು ತುಂಬಿ ಒತ್ತಿದರು. ಆದರೆ ಆ ಕಣ್ಣು ತಾನಾಗಿ ಊದಲಿಲ್ಲವಲ್ಲ!

ಹೋಲಿಫೀಲ್ಡ್ ವಾದವೇ ನನಗೆ ಹೆಚ್ಚು ನಾಚಿಕೆ ತರುವುದು. ಅಕ್ಟೋಬರಿನ ಸೋಲು ಫೆಬ್ರವರಿಯ ಗೆಲುವಿಗೆ ಸಾಕ್ಷಿ ಹೇಳಲು ಬರುವುದಿಲ್ಲ. ನಮ್ಮ ಶಾಲೆಯಿಂದ ಒಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತೈದು ಪರ್ಸೆಂಟ್ ತೆಗೆದು, ಪಿಯುಸಿಯಲ್ಲಿ ಒಂದು ವಿಷಯ ಹೋದರೆ, “ಅದು ಲಕ್ಕು ಅಂತ ಆಗಲೇ ಹೇಳಿರಲಿಲ್ವಾ” ಎನ್ನುವವರನ್ನು ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೇಳಿದ್ದೇನೆ. ಆಗೆಲ್ಲ ನನಗೆ ನನ್ನದೇ ಭಾಷಣ ಕೇಳಿಸುತ್ತದೆ.

ಡಗ್ಲಾಸನನ್ನು ಮೆಚ್ಚುವವರು ಹೇಳುವ ಕತೆಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪಂದ್ಯಕ್ಕೆ 23 ದಿನ ಮೊದಲು ಅವನ ತಾಯಿ ತೀರಿಕೊಂಡಿದ್ದರು. ತಾಯಿಗಾಗಿಯೇ ಗೆದ್ದ ಎನ್ನುತ್ತಾರೆ. ಇರಬಹುದು. ಆದರೆ ದುಃಖವೊಂದೇ ಯಾರಿಗೂ ಎಡಗೈಯ ನೇರ ಗುದ್ದನ್ನು ಕಲಿಸುವುದಿಲ್ಲ. ಎರಡೂ ಕೈ ಚಾಚಿದರೆ ಡಗ್ಲಾಸನ ಅಳತೆ ಟೈಸನ್‌ಗಿಂತ ಒಂದು ಅಡಿ ಹೆಚ್ಚು. ಆ ಉದ್ದವನ್ನು ಬಳಸಿ ಮೊದಲ ಸುತ್ತಿನಿಂದಲೇ ಟೈಸನ್‌ನನ್ನು ಹತ್ತಿರ ಬಿಡದೆ ಹೊಡೆದ. ಒಳಗೆ ನುಗ್ಗಿದರೆ ತಬ್ಬಿ ಹಿಡಿದ. ಇಷ್ಟಾದರೂ ಒಂಬತ್ತು ಸುತ್ತಿನ ನಂತರ ಮೂವರು ತೀರ್ಪುಗಾರರಲ್ಲಿ ಒಬ್ಬರು ಮಾತ್ರ ಡಗ್ಲಾಸ್ ಮುಂದಿದ್ದಾನೆ ಎಂದಿದ್ದರು. ಇನ್ನೊಬ್ಬರಿಗೆ ಸಮ, ಮತ್ತೊಬ್ಬರಿಗೆ ಟೈಸನ್ ಒಂದು ಅಂಕ ಮುಂದೆ! ಪಂದ್ಯ ನೋಡಿದ ಮೇಲೆ ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಪಂದ್ಯ ನೋಡಿದ್ದು ತೀರಾ ತಡವಾಗಿ, ಕೆಲವು ವರ್ಷಗಳ ಹಿಂದೆ, ಮಗಳ ಮೊಬೈಲಿನಲ್ಲಿ. ಪಿ.ಟಿ. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಎಂಟನೇ ಸುತ್ತು ಬಂತು, ಡಗ್ಲಾಸ್ ಬಿದ್ದ, ಎದ್ದ, ಗಂಟೆ ಹೊಡೆಯಿತು. ಟಕರ್ ಎದುರು ಕೈಚೆಲ್ಲಿದ ಮನುಷ್ಯ ಇಲ್ಲೇ ಮುಗಿಯಬೇಕಿತ್ತು. ಒಂಬತ್ತನೇ ಸುತ್ತಿಗೆ ಟೈಸನ್ ಮುಗಿಸಿಬಿಡಲೆಂದೇ ನುಗ್ಗಿ ಬಂದ. ಡಗ್ಲಾಸ್ ಹಿಂದೆ ಸರಿಯಲಿಲ್ಲ. ಗುದ್ದಿಗೆ ಗುದ್ದು ಕೊಟ್ಟ, ಮತ್ತೆ ಆ ಎಡಗೈ ಚಾಚಿದ, ಸುತ್ತು ಮುಗಿಯುವ ಹೊತ್ತಿಗೆ ಟೈಸನ್‌ನನ್ನೇ ಹಗ್ಗಕ್ಕೆ ಒರಗಿಸಿ ಬಡಿಯುತ್ತಿದ್ದ. ಹತ್ತನೇ ಸುತ್ತಿನಲ್ಲಿ ಟೈಸನ್ ತನ್ನ ವೃತ್ತಿಜೀವನದಲ್ಲಿ ಮೊದಲ ಸಲ ನೆಲಕ್ಕೆ ಬಿದ್ದು, ಹಲ್ಲಿನ ಕವಚ ಹುಡುಕುತ್ತಾ ತಡಕಾಡಿದ್ದನ್ನು ಎಲ್ಲರೂ ತೋರಿಸುತ್ತಾರೆ. ನಾನು ಅದನ್ನು ಅಲ್ಲಿಗೇ ನಿಲ್ಲಿಸಿ, ಒಂಬತ್ತನೆಯದನ್ನು ಇನ್ನೊಮ್ಮೆ ಹಾಕು ಎಂದು ಮಗಳಿಗೆ ಹೇಳಿದೆ.