ಹೊಗೆಸೊಪ್ಪಿನ ಹದ, ಕಾರ್ಡಿನ ಹದ

ಕಟ್ಟೆಮಳಲವಾಡಿಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ನಡೆದ ಸಂಗತಿಯಿದು. 1996ರ ವಿಶ್ವಕಪ್ ಕ್ರಿಕೆಟ್ಟಿನ ದಿನಗಳು. ಚ್ಯೂಯಿಂಗ್ ಗಮ್ ಜೊತೆಗೆ ಬರುತ್ತಿದ್ದ ಆಟಗಾರರ ಕಾರ್ಡುಗಳನ್ನು ಪಾಠದ ನಡುವೆ ಎಣಿಸುತ್ತಿದ್ದ ಹುಡುಗನೊಬ್ಬನಿಂದ ಇಡೀ ಕಟ್ಟನ್ನೇ ಕಿತ್ತುಕೊಂಡು, ಪರೀಕ್ಷೆ ಮುಗಿದ ಮೇಲೆ ಕೊಡುವೆನೆಂದೆ. ಮೇಲಿದ್ದದ್ದು ನಮ್ಮ ಮೈಸೂರಿನವರೇ ಆದ ಜಾವಗಲ್ ಶ್ರೀನಾಥರ ಕಾರ್ಡು. ಕೇಳಲು ಅವನು ಹೆದರಿದ. ಕೊಡಲು ನಾನು ಮರೆತೆ. ನಿವೃತ್ತಿಯ ನಂತರ ಟ್ರಂಕು ತೆರೆದಾಗ, ನಾನು ಹಾಕಿದ್ದ ರಬ್ಬರ್ ಬ್ಯಾಂಡು ಕರಗಿ ಅಂಟಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಬೂಷ್ಟು ಹಿಡಿದು ಕಾರ್ಡುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.

ಇಂಥ ಕಾರ್ಡುಗಳ ಮೂಲ ಹುಡುಕಿ ಹೊರಟರೆ ದಾರಿ ಹೊಗೆಸೊಪ್ಪಿಗೇ ತಲುಪುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗರೇಟು ಮುರಿಯದಿರಲೆಂದು ಪೊಟ್ಟಣದೊಳಗೆ ರಟ್ಟಿನ ತುಂಡೊಂದನ್ನು ಇಡುತ್ತಿದ್ದರು. ಗಿರಾಕಿಗಳನ್ನು ಸೆಳೆಯಲು ಅದರ ಮೇಲೆ ಚಿತ್ರ ಮೂಡಿತು. ಇಂಗ್ಲೆಂಡಿನ ವಿಲ್ಸ್ ಕಂಪನಿಯು 1896ರಲ್ಲಿ 50 ಕ್ರಿಕೆಟಿಗರ ಕಾರ್ಡುಗಳನ್ನು ಹೊರತಂದಿತು.

ಅಮೆರಿಕದ ಜೆಫರ್ಸನ್ ಬರ್ಡಿಕ್ ಎಂಬವರು ಇಂಥವನ್ನೇ ಜೀವಮಾನವಿಡೀ ಕೂಡಿಟ್ಟರು. 1947ರಿಂದ ಅವನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸತೊಡಗಿ, ಸಂಧಿವಾತದಿಂದ ಸೆಟೆದ ಬೆರಳುಗಳಲ್ಲೇ ಆಲ್ಬಮುಗಳಿಗೆ ಅಂಟಿಸುತ್ತ, 1963ರಲ್ಲಿ ಕೆಲಸ ಮುಗಿಸಿ, ಅದೇ ವರ್ಷ ತೀರಿಕೊಂಡರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. ವಸ್ತುಸಂಗ್ರಹಾಲಯವು ಒಮ್ಮೆಗೆ ಕೆಲವನ್ನಷ್ಟೇ ಹೊರಗಿಟ್ಟು, ಆಗಾಗ ಬದಲಿಸುತ್ತದೆ. ಬೆಳಕು ತಿಂದ ಬಣ್ಣ ಮತ್ತೆ ಹುಟ್ಟುವುದಿಲ್ಲವಷ್ಟೆ.

ಕಾಗದ ಕಾಯುವವರ ನಿಯಮಗಳು ಸರಳವಾಗಿವೆ. ತೇವಾಂಶ ಶೇಕಡಾ 50ರ ಆಸುಪಾಸು, ಉಷ್ಣತೆ ಸುಮಾರು 20 ಡಿಗ್ರಿ, ಎರಡೂ ಏರಿಳಿಯಬಾರದು. ಪ್ರದರ್ಶನದ ಬೆಳಕು 50 ಲಕ್ಸ್ ಮೀರಬಾರದು. ಒಂದೊಂದು ಕಾರ್ಡನ್ನೂ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆಯಲ್ಲಿರಿಸಿ, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಪಿವಿಸಿ ಚೀಲ, ರಬ್ಬರ್ ಬ್ಯಾಂಡು, ಸೆಲ್ಲೋಟೇಪು, ಲ್ಯಾಮಿನೇಶನ್ ಸಲ್ಲವು. ನಮ್ಮ ಮನೆಗಳಲ್ಲಾದರೆ ಅಟ್ಟವೂ ಬೇಡ, ಮಳೆಗೆ ನೆನೆಯುವ ಹೊರಗೋಡೆಯ ಬದಿಯೂ ಬೇಡ. ಒಳಕೋಣೆಯ ಕಪಾಟು ಲೇಸು.

ಇದೆಲ್ಲವನ್ನೂ ಒಂದೇ ಮಾತಿನಲ್ಲಿ ಹೇಳುವುದಾದರೆ, ಹದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬ್ಯಾರನ್ನಿನಲ್ಲಿ ಒಣಗಿದ ಎಲೆಯನ್ನು ಒಡನೆಯೇ ಮುಟ್ಟಿದರೆ ಪುಡಿಯಾಗುತ್ತದೆ. ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವವನ್ನು ತಕ್ಕಷ್ಟು ಹೀರಿದ ಮೇಲೆಯೇ ಅವರು ಅದನ್ನು ಇಳಿಸುವುದು. ಆ ಹುಡುಗನ ತಂದೆಯೂ ಹೊಗೆಸೊಪ್ಪಿನ ಬೆಳೆಗಾರರೇ. ಅವರಿಗೆ ತಿಳಿದಿದ್ದದ್ದು ಮೇಷ್ಟರಾದ ನನಗೆ ತಿಳಿದಿರಲಿಲ್ಲ.

ಬಿಡಿಸಲು ಬಂದದ್ದು ನಾಲ್ಕೇ ಕಾರ್ಡು. ಶ್ರೀನಾಥರದು ಅವುಗಳಲ್ಲಿರಲಿಲ್ಲ. ಲಕೋಟೆಗೆ ಹಾಕಿ, ಈಗ ಎರಡು ಮಕ್ಕಳ ತಂದೆಯಾಗಿರುವ ಆ ಶಿಷ್ಯನಿಗೆ ಒಪ್ಪಿಸಿದೆ. "ಬಿಡಿ ಸಾರ್, ನನ್ನ ಹತ್ರಾನೇ ಇದ್ದಿದ್ರೆ ಆವತ್ತೇ ಹರಿದುಹೋಗಿರೋವು" ಎಂದು ನಕ್ಕ. ಅದು ಅವನ ಸೌಜನ್ಯ. ತೆಗೆದಿಟ್ಟುಕೊಂಡದ್ದನ್ನು ಕಾಪಾಡಬೇಕಾದದ್ದು ಮಾತ್ರ ನನ್ನ ಕರ್ತವ್ಯವಾಗಿತ್ತು.