ಹಾರ್ಲೆಮ್ಮಿನ ಇಟಲಿ

1880ರಿಂದ 1920ರ ವರೆಗಿನ ಅವಧಿಯಲ್ಲಿ ಅಮೆರಿಕೆಗೆ ಬಂದಿಳಿದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಬಹುಪಾಲು ಮಂದಿ ದಕ್ಷಿಣದ ದರಿದ್ರ ಪ್ರಾಂತಗಳ ಗೇಣಿದಾರರೂ ಕೂಲಿಕಾರರೂ ಆಗಿದ್ದರು. ಇಟಲಿಯು ಏಕರಾಜ್ಯವೆಂದು ಘೋಷಿತವಾದುದೇ 1861ರಲ್ಲಿ ಆದುದರಿಂದ ಅವರ ಪಾಲಿಗೆ ಸ್ವದೇಶವೆಂಬುದು ತಮ್ಮೂರ ಗಂಟೆಗೋಪುರದ ನಾದ ಕೇಳಿಸುವಷ್ಟು ನೆಲಕ್ಕೆ ಸೀಮಿತವಾಗಿದ್ದಿತು. ಆ ಊರಭಿಮಾನವನ್ನು ಗಂಟುಮೂಟೆಯೊಡನೆ ಹೊತ್ತುತಂದವರು ನ್ಯೂಯಾರ್ಕಿನ ಪೂರ್ವ ಹಾರ್ಲೆಮ್ಮಿನಲ್ಲಿಯೂ ಊರಿಗೊಂದು ಕೇರಿಯೆಂಬಂತೆ ಬಿಡಾರ ಹೂಡಿದರು. ಹೀಗಾಗಿ ಅಲ್ಲಿ ಬೆಳೆದ ಹುಡುಗನಿಗೆ ತಾನು ಇಟಾಲಿಯನ್ನನೆಂಬ ಸಂಗತಿ ತಿಳಿದುಬರುತ್ತಿದ್ದುದು ಹೆಚ್ಚಾಗಿ ಪರರ ಬಾಯಿಂದ, ಅದೂ ಬೈಗುಳದ ರೂಪದಲ್ಲಿ.

ದಕ್ಷಿಣ ಇಟಲಿಯ ಅವಿಲ್ಯಾನೊ ಎಂಬ ಗುಡ್ಡದ ಮೇಲಣ ಊರಿನಿಂದ 1896ರಲ್ಲಿ ತಾಯಿಯೊಡನೆ ಬಂದು, ಮುಂದೆ ಶಿಕ್ಷಣತಜ್ಞರೆಂದು ಖ್ಯಾತರಾದ ಲೆನರ್ಡ್ ಕೊವೆಲ್ಲೊ ಅವರ ಮನೆತನದ ನಿಜವಾದ ಹೆಸರು ಕೊವಿಯೆಲ್ಲೊ. ಉಚ್ಚಾರಕ್ಕೆ ಸುಲಭವಾಗಲೆಂದು ಉಪಾಧ್ಯಾಯಿನಿಯೊಬ್ಬರು ಅದನ್ನು ಮೊಟಕುಮಾಡಿದ್ದರು. ಅಂಕಪಟ್ಟಿಗೆ ರುಜು ಹಾಕಿಸುವ ಹೊತ್ತಿಗೆ ಮನೆಯಲ್ಲಿ ರಂಪವೆದ್ದಿತು. ಹುಡುಗನು ಹೊಸ ಹೆಸರಿನ ಪಕ್ಷವನ್ನೇ ವಹಿಸಿದನು. ಅಂದಿನ ಮಕ್ಕಳಲ್ಲಿ ಇದು ಸರ್ವಸಾಮಾನ್ಯ: ತಾಯಿ ಕಟ್ಟಿಕೊಟ್ಟ ಗಟ್ಟಿ ರೊಟ್ಟಿಯನ್ನು ಮರೆಯಲ್ಲಿ ತಿನ್ನುವುದು, ತಂದೆತಾಯಿಗಳು ಶಾಲೆಯತ್ತ ಸುಳಿಯದಂತೆ ನೋಡಿಕೊಳ್ಳುವುದು. ಹೆಣ್ಣುಮಕ್ಕಳಿಗಾದರೋ ಅಷ್ಟು ಅವಕಾಶವೂ ವಿರಳ. ಶಾಲೆ ಬಿಟ್ಟೊಡನೆ ಎಷ್ಟೋ ಮನೆಗಳಲ್ಲಿ ಕಾಗದ-ಬಟ್ಟೆಗಳ ಹೂ ಕಟ್ಟುವ ಕೂಲಿಕೆಲಸ ಅವರನ್ನು ಕಾದಿರುತ್ತಿದ್ದಿತು.

ತಾವೇ ಉಪಾಧ್ಯಾಯರಾದ ಮೇಲೆ ಕೊವೆಲ್ಲೊ ಅವರು ಈ ಲಜ್ಜೆಯ ಮೂಲಕ್ಕೆ ಕೈಯಿಕ್ಕಿದರು. ಅವರಂಥವರ ಪ್ರಯತ್ನದಿಂದ 1922ರಲ್ಲಿ ನಗರದ ಪ್ರೌಢಶಾಲೆಗಳಲ್ಲಿ ಇಟಾಲಿಯನ್ ಭಾಷೆಗೆ ಫ್ರೆಂಚ್ ಮುಂತಾದ ಭಾಷೆಗಳೊಡನೆ ಸಮಾನ ಸ್ಥಾನ ದೊರೆಯಿತು. 1934ರಲ್ಲಿ ಅವರು ಪೂರ್ವ ಹಾರ್ಲೆಮ್ಮಿನ ಬೆಂಜಮಿನ್ ಫ್ರಾಂಕ್ಲಿನ್ ಪ್ರೌಢಶಾಲೆಯ ಮುಖ್ಯಸ್ಥರಾದರು. ಆದರೆ ಶಾಲೆಯಲ್ಲಿ ಕಲಿಸುತ್ತಿದ್ದುದು ಡಾಂಟೆಯ ಟಸ್ಕನಿಯ ಮಾತು. ಅಜ್ಜಿಯ ಬಾಯಲ್ಲಿದ್ದುದು ದಕ್ಷಿಣದ ಲುಕಾನಿಯದ್ದೋ ಸಿಸಿಲಿಯದ್ದೋ ನುಡಿ. ಪೂರ್ವಜರ ಸಂಸ್ಕೃತಿಯೆಂದು ಹುಡುಗನು ಹೆಮ್ಮೆಯಿಂದ ಮನೆಗೆ ತಂದುದನ್ನು ಪೂರ್ವಜರೇ ಅರೆಬರೆಯಾಗಿ ಅರಿಯುತ್ತಿದ್ದರು!

ಅರ್ವಿನ್ ಚೈಲ್ಡ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂ ಹೇವನ್ನಿನ ಇಂಥ ತರುಣರನ್ನು ಪರಿಶೀಲಿಸಿ, 1943ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರನ್ನು ಬಂಡಾಯಗಾರರು, ಸ್ವಜನನಿಷ್ಠರು, ಉದಾಸೀನರು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ವಿಂಗಡಣೆ ಅಚ್ಚುಕಟ್ಟಾಗಿದೆ; ಆದರೆ ಒಬ್ಬನೇ ಹುಡುಗನು ಬೆಳಗ್ಗೆ ಶಾಲೆಯಲ್ಲಿ ಒಂದು, ಜುಲೈ ತಿಂಗಳ ಮೇರಿಮಾತೆಯ ಮೆರವಣಿಗೆಯಲ್ಲಿ ಇನ್ನೊಂದು ಆಗಿರಲಾರನೆ ಎಂಬ ಸಂದೇಹ ನನಗುಂಟು.

ಎರಡನೆಯ ಮಹಾಯುದ್ಧವಂತೂ ಈ ಗೊಂದಲವನ್ನು ವಿಡಂಬನೆಯಾಗಿಸಿತು. 1942ರಲ್ಲಿ ಪೌರತ್ವ ಪಡೆಯದ ಸುಮಾರು 6 ಲಕ್ಷ ಇಟಾಲಿಯನ್ನರನ್ನು ಸರ್ಕಾರವು ಶತ್ರುದೇಶದವರೆಂದು ದಾಖಲಿಸಿದಾಗ, ಅಂಥ ಅನೇಕರ ಮಕ್ಕಳು ಅಮೆರಿಕೆಯ ಸೈನ್ಯದ ಸಮವಸ್ತ್ರ ತೊಟ್ಟಿದ್ದರು. ಆ ಕಳಂಕವನ್ನು ತೊಡೆಯುವ ಘೋಷಣೆ ಹೊರಟುದು ಅಕ್ಟೋಬರ್ 12ರಂದು, ಕೊಲಂಬಸ್ ದಿನದಂದೇ. ಮೂರು ವರ್ಷ ಕಳೆಯುವಷ್ಟರಲ್ಲಿ ಹುಡುಗರು ಮತ್ತೂ ಒಂದು ವೇಷವನ್ನು ಕಲಿತಿದ್ದರು: 1945ರ ಶರತ್ಕಾಲದಲ್ಲಿ ಫ್ರಾಂಕ್ಲಿನ್ ಶಾಲೆಯ ಸುತ್ತ ಬಿಳಿಯರಾಗಿ ನಿಂತು ಕರಿಯ ಸಹಪಾಠಿಗಳೊಡನೆ ಹೊಡೆದಾಟಕ್ಕಿಳಿದ ಅವರಿಗೆ ಬುದ್ಧಿ ಹೇಳಲು, ತಾನೂ ಇಟಾಲಿಯನ್ ವಲಸಿಗರ ಮಗನೇ ಆದ ಗಾಯಕ ಫ್ರಾಂಕ್ ಸಿನಾತ್ರಾ ಆ ಶಾಲೆಗೇ ಬರಬೇಕಾಯಿತು.