ಬೊಲೆರೊ

ವಿರಹ, ಪ್ರೇಮಭಂಗ ಮತ್ತು ಒಲಿಯದ ಪ್ರೀತಿಯನ್ನು ಪ್ರಧಾನ ವಸ್ತುವಾಗಿ ಉಳ್ಳ, ಸ್ಪ್ಯಾನಿಷ್ ಭಾಷೆಯ ವಿಳಂಬಗತಿಯ ಗೀತಪ್ರಕಾರ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಕ್ಯೂಬಾದ ಸಾಂತಿಯಾಗೊ ನಗರದಲ್ಲಿ ರೂಪುಗೊಂಡ ಇದು, ಸ್ಪೇನಿನಲ್ಲಿ 18ನೆಯ ಶತಮಾನದಿಂದ ಬಳಕೆಯಲ್ಲಿದ್ದ ಮೂರೆಣಿಕೆಯ ತಾಳದ ಇದೇ ಹೆಸರಿನ ನೃತ್ಯಕ್ಕಿಂತ ಭಿನ್ನವಾದುದು. ಕ್ಯೂಬಾದ ಬೊಲೆರೊ ಎರಡೆಣಿಕೆಯಲ್ಲಿ ಹುಟ್ಟಿ ಮುಂದೆ ನಾಲ್ಕೆಣಿಕೆಯ ತಾಳಕ್ಕೆ ಹೊರಳಿತು.

ಉಗಮ: ಗಿಟಾರ್ ನುಡಿಸುತ್ತ ಸ್ವಂತ ರಚನೆಗಳನ್ನು ಹಾಡುತ್ತಿದ್ದ ತ್ರೊವಾದೊರ್ ಎಂಬ ಗಾಯಕರು ಈ ಪ್ರಕಾರವನ್ನು ಬೆಳೆಸಿದರು. ಇವರಲ್ಲಿ ಹಿರಿಯನಾದ, ವೃತ್ತಿಯಿಂದ ದರ್ಜಿಯಾಗಿದ್ದ ಪೆಪೆ ಸಾಂಚೆಸ್ (1856-1918) 1880ರ ದಶಕದಲ್ಲಿ ರಚಿಸಿದ 'ತ್ರಿಸ್ತೇಸಾಸ್' (ದುಃಖಗಳು) ಮೊದಲ ಬೊಲೆರೊ ಎಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ದೀರ್ಘ-ಹ್ರಸ್ವ-ದೀರ್ಘ-ಹ್ರಸ್ವ-ದೀರ್ಘ ಎಂದು ಐದು ಪೆಟ್ಟುಗಳಲ್ಲಿ ಸಾಗುವ ಸಿಂಕೀಯೊ ಎಂಬ ಕೆರಿಬಿಯನ್ ಲಯವಿನ್ಯಾಸ ಆರಂಭಕಾಲದ ಬೊಲೆರೊಗಳ ಮುಖ್ಯ ಲಕ್ಷಣ.

ವಸ್ತು ಮತ್ತು ನಿರೂಪಣೆ: ಬೊಲೆರೊ ಕಥನಗೀತೆಯಲ್ಲ, ಅಗಲಿದ ಅಥವಾ ಒಲಿಯದ ವ್ಯಕ್ತಿಯನ್ನು ಎದುರಿಗಿರುವಂತೆಯೇ ಮಧ್ಯಮ ಪುರುಷದಲ್ಲಿ ಸಂಬೋಧಿಸುವ ಮೊರೆ, ಆಕ್ಷೇಪ ಅಥವಾ ವಿದಾಯ. ಪ್ರಿಯರ ಹೆಸರು, ಊರು, ಅನೇಕ ವೇಳೆ ಲಿಂಗವೂ ಸೂಚಿತವಾಗದಿರುವುದರಿಂದ ಒಂದೇ ಗೀತೆಯನ್ನು ಗಂಡಸರೂ ಹೆಂಗಸರೂ ಹಾಡಲು ಸಾಧ್ಯವಾಯಿತು. ದೇಶದಿಂದ ದೇಶಕ್ಕೆ ಇದು ಸುಲಭವಾಗಿ ಹರಡಲು ಈ ಗುಣವೂ ನೆರವಾಯಿತು.

ಪ್ರಸಾರ: ಕ್ಯೂಬಾದಿಂದ ಯುಕಾತಾನ್ ಪರ್ಯಾಯದ್ವೀಪದ ಮೂಲಕ ಮೆಕ್ಸಿಕೊ ಸೇರಿದ ಬೊಲೆರೊಗೆ, 1930ರಲ್ಲಿ ಮೆಕ್ಸಿಕೊ ನಗರದಲ್ಲಿ ಆರಂಭವಾದ ಎಕ್ಸ್‌ಇಡಬ್ಲ್ಯು ಬಾನುಲಿ ಕೇಂದ್ರವು ವಿಶಾಲ ಶ್ರೋತೃವರ್ಗವನ್ನು ಒದಗಿಸಿತು. ವೇಶ್ಯಾಗೃಹಗಳಲ್ಲಿ ಪಿಯಾನೊ ನುಡಿಸಿ ಬದುಕಿದ್ದ ಆಗುಸ್ತೀನ್ ಲಾರಾ (1897-1970) ಸಮಾಜ ದೂರವಿಟ್ಟ ಹೆಣ್ಣನ್ನೇ ಆರಾಧ್ಯಳನ್ನಾಗಿಸಿ ಹಾಡು ಕಟ್ಟಿದ್ದರಿಂದ ನೀತಿವಾದಿಗಳ ಆಕ್ಷೇಪವನ್ನೂ ಅಪಾರ ಜನಪ್ರಿಯತೆಯನ್ನೂ ಗಳಿಸಿದ. ಇಬ್ಬರು ಮೆಕ್ಸಿಕನ್ನರು ಹಾಗೂ ಒಬ್ಬ ಪೋರ್ಟೊರಿಕನ್ ಸೇರಿ 1944ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಲೋಸ್ ಪಾಂಚೋಸ್ ತ್ರಯವು ಮೂರು ಕಂಠಗಳ ಮೇಳವನ್ನು ರೂಢಿಗೆ ತಂದಿತು. ತಂಡದ ಆಲ್ಫ್ರೆದೊ ಹಿಲ್ ರೂಪಿಸಿದ ರೆಕಿಂತೊ ಎಂಬ ಕಿರುಗಿಟಾರಿನ ಶ್ರುತಿ, ಸಾಮಾನ್ಯ ಗಿಟಾರಿನ ಶ್ರುತಿಯನ್ನು ಷಡ್ಜವೆಂದು ಹಿಡಿದರೆ, ಅದರ ಮಧ್ಯಮಕ್ಕೆ ಸರಿಹೊಂದುತ್ತದೆ. ಪಲ್ಲವಿಗೆ ಮುನ್ನ ಬರುವ ಇದರ ತಾರಸ್ಥಾಯಿಯ ನುಡಿಕೆ ಬೊಲೆರೊದ ಗುರುತಾಯಿತು. ಅದೇ ದಶಕದಲ್ಲಿ ಹವಾನಾದ ಫಿಲಿನ್ ಪಂಥದ ಸೆಸಾರ್ ಪೋರ್ತಿಯೊ ದೆ ಲಾ ಲೂಸ್ ಮೊದಲಾದವರು ಜಾಝ್ ಸಂಗೀತದ ಸ್ವರಮೇಳವನ್ನು ಇದಕ್ಕೆ ಅಳವಡಿಸಿದರು.

ನಂತರದ ಬೆಳೆವಣಿಗೆ: 1960ರ ದಶಕದಲ್ಲಿ ರಾಕ್ ಸಂಗೀತ ಮತ್ತು ವಾದ್ಯವೃಂದದೊಡನೆ ಹಾಡುವ ಬಲಾದಾ ಗೀತೆಗಳು ಬೊಲೆರೊವನ್ನು ಹಿನ್ನೆಲೆಗೆ ಸರಿಸಿದವಾದರೂ ವಿರಹವೆಂಬ ಅದರ ವಸ್ತುವನ್ನು ಬಲಾದಾ ಉಳಿಸಿಕೊಂಡಿತು. ಡೊಮಿನಿಕನ್ ಗಣರಾಜ್ಯದ ಬಡ ಬಡಾವಣೆಗಳಲ್ಲಿ ಗಿಟಾರ್ ಬೊಲೆರೊದಿಂದ ಕವಲೊಡೆದ ಬಚಾತಾ, ಪ್ರೇಮವಂಚನೆಯ ಕಹಿಯನ್ನೇ ಹಾಡಿ ದೀರ್ಘಕಾಲ ಶಿಷ್ಟವರ್ಗದ ತಿರಸ್ಕಾರಕ್ಕೆ ಗುರಿಯಾಗಿತ್ತು. 1991ರಲ್ಲಿ ಲುಯಿಸ್ ಮಿಗೆಲ್ ಹಳೆಯ ಬೊಲೆರೊಗಳನ್ನು ಹಾಡಿ ಹೊರತಂದ 'ರೊಮಾನ್ಸ್' ಧ್ವನಿಮುದ್ರಿಕೆ ಹೊಸ ಪೀಳಿಗೆಗೆ ಈ ಪ್ರಕಾರವನ್ನು ಪರಿಚಯಿಸಿತು. ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ 2019ರಲ್ಲಿ ಬಚಾತಾ ಸೇರಿತು. ಕ್ಯೂಬಾ ಮತ್ತು ಮೆಕ್ಸಿಕೊಗಳ ಜಂಟಿ ಪ್ರಸ್ತಾವದ ಮೇರೆಗೆ 2023ರಲ್ಲಿ ಬೊಲೆರೊ ಸೇರ್ಪಡೆಯಾಯಿತು.